ಹೀರೋನ ಬೆನ್ನು, ಮಾವನ ಮುಖ

ನಮ್ಮ ಸೋದರಮಾವ ತಮ್ಮನ್ನು ತಾವೇ ಗುಂಡಿಟ್ಟು ಕೊಂದವರು, ಅದೂ ಹಲವಾರು ಸಲ! ನಂಬುವುದಿಲ್ಲವೇ? ಹಿಂದೆ ಕಡಿಮೆ ಖರ್ಚಿನ ಕೌಬಾಯ್ ಚಿತ್ರಗಳು ಬರುತ್ತಿದ್ದವಲ್ಲ, ಅವುಗಳಲ್ಲಿ ಮಾವ ಹೀರೋನ ಡ್ಯೂಪ್. ಕುದುರೆಯ ಮೇಲಿಂದ ಗುಂಡು ಹಾರಿಸುವ ಬೆನ್ನು ಅವರದು. ಮಧ್ಯಾಹ್ನ ಊಟ ಮುಗಿಸಿ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಅದೇ ಗುಂಡಿಗೆ ಉರುಳುವ ಡಕಾಯಿತನೂ ಅವರೇ!

"ಮುಖ ಕಂಡ್ರೆ ಶಾಟ್ ಹಾಳು" ಎಂದು ನಿರ್ದೇಶಕರು ಬೈದೂ ಬೈದೂ, ಕ್ಯಾಮೆರಾ ಕಂಡರೆ ಸಾಕು, ಮಾವ ಗರ್ರನೆ ಬೆನ್ನು ತಿರುಗಿಸತೊಡಗಿದರು. ಹುಟ್ಟುಗುಣ ಸುಟ್ಟರೂ ಹೋಗದಂತೆ; ಕಲಿತ ಗುಣ ಹೋಗುತ್ತದೆಯೇ? ಅವರ ಮದುವೆಯ ಫೋಟೋದಲ್ಲಿ ಅತ್ತೆಯ ಮುಖವಿದೆ, ಪಕ್ಕದಲ್ಲಿ ಒಂದು ಪೇಟದ ಹಿಂಭಾಗವಿದೆ. ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತಂತೆ. ಅದರಲ್ಲಿರುವುದು ಖಂಡಿತ ಡಕಾಯಿತನ ಮುಖ!

ಕಳೆದ ಚಳಿಗಾಲದಲ್ಲಿ ಇಬ್ಬರೂ ಊರಿನಿಂದ ದುಬೈಯ ಆಚೆ, ಬನಿಯಾಸ್‌ನಲ್ಲಿರುವ ನಮ್ಮ ಮನೆಗೆ ಬಂದರು. ದುಬೈ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕ್ಯಾಮೆರಾ ತೋರಿಸಿದ, ಮಾವ ಬೆನ್ನು ತೋರಿಸಿದರು. "ಯಲ್ಲಾ, ಯಲ್ಲಾ!" ಎಂದು ಅವನು ಅರಬ್ಬಿಯಲ್ಲಿ ಅವಸರಪಡಿಸಿ ಕೂಗಿದಾಗ, ಅದು 'ಆ್ಯಕ್ಷನ್' ಇರಬೇಕೆಂದು ಓಡಿಯೇಬಿಟ್ಟರು!

ಮನೆಗೆ ಬಂದ ದಿನವೇ ಅತ್ತೆ ನನ್ನ ಬಳಿ ಹೇಳಿದರು. "ಈ ಸಲ ಇವರ ಮುಖ ಇರುವ ಒಂದು ಜೋಡಿ ಫೋಟೋ ಬೇಕು ಮಗಾ. ಐವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಸಾಕ್ಷಿ ಬೇಡ್ವಾ?"

ದುಬೈಯ ನೈಫ್ ಪೇಟೆಯ ಅಂಗಡಿಯೊಂದರಲ್ಲಿ ಮಾವನಿಗೆ ಅಗಲ ಅಂಚಿನ ಟೋಪಿ ಕೊಡಿಸಿದೆ. ಅಷ್ಟರಲ್ಲಿ ನನ್ನ ಮಗಳು ಆಟದ ಪಿಸ್ತೂಲು ಎತ್ತಿ 'ಠೈಂ' ಎಂದಳು. ಮಾವ ಎದೆ ಹಿಡಿದುಕೊಂಡು ಕಂಬಳಿ ರಾಶಿಯ ಮೇಲೆ ಧೊಪ್ಪನೆ ಬಿದ್ದರು.

"ಯಾ ಅಲ್ಲಾಹ್, ಅಜ್ಜ ಖಲಾಸ್!" ಭಟ್ಕಳದ ಅಂಗಡಿ ಸಾಹೇಬರು ನೀರಿನ ಬಾಟಲಿ ಹಿಡಿದು ಓಡಿ ಬಂದರು.

ಮಾವ ಒಂದೇ ಕಣ್ಣು ತೆರೆದು ಕೇಳಿದರು: "ಶಾಟ್ ಓಕೆನಾ?"

ಊರಿಗೆ ಹೊರಡುವ ಹಿಂದಿನ ದಿನ, ಇನ್ನು ತಡಮಾಡಿದರೆ ಆಗದೆಂದು, ಬನಿಯಾಸ್ ಹೊರಗಿನ ಕುದುರೆ ಲಾಯಕ್ಕೆ ಕರೆದೊಯ್ದೆ. ಕುದುರೆ ಕಂಡದ್ದೇ ಮಾವನ ಬೆನ್ನು ನೆಟ್ಟಗಾಯಿತು. ಅತ್ತೆ ಪಕ್ಕದಲ್ಲಿ ನಿಂತರು. ನಾನು ಫೋನ್ ಎತ್ತಿದೆ. ಗರ್ರ್! ಮತ್ತೆ ಬೆನ್ನು. ಕುದುರೆಯೂ ನನ್ನತ್ತ ನೋಡುತ್ತಿತ್ತು, ಮಾವ ಮಾತ್ರ ಇಲ್ಲ.

ಅತ್ತೆ ಅವರ ತೋಳು ಹಿಡಿದರು. "ಇದ್ರಲ್ಲಿ ಬೇರೆ ಹೀರೋ ಇಲ್ಲ ಮಾರಾಯ್ರೇ. ನೀವೇ."

ಮಾವ ಮೆಲ್ಲಗೆ ತಿರುಗಿದರು. ಟೋಪಿ ತೆಗೆದರು. ಅಷ್ಟೆಲ್ಲ ಕುದುರೆಗಳಿಂದ ಬಿದ್ದವರು ಈಗ ಹೆದರಿದ್ದರು. "ಮುಖದಲ್ಲಿ ಎಂಥ ಮಾಡ್ಬೇಕು ಮಾರಾಯ್ತಿ? ನಂಗೆ ಅದನ್ನು ಯಾರೂ ಹೇಳಿಕೊಡ್ಲೇ ಇಲ್ಲ."

"ಎಂಥದೂ ಮಾಡ್ಬೇಡಿ. ನನ್ನನ್ನು ನೋಡಿ, ಸಾಕು."

ನೋಡಿದರು. ನನ್ನ ಕಣ್ಣು ಮಂಜಾಗಿತ್ತು, ಹೇಗೋ ಬಟನ್ ಒತ್ತಿದೆ.

ಅತ್ತೆ ಫೋನ್ ಕಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಆ ಎಲ್ಲ ನಿರ್ದೇಶಕರಿಗೂ ಸೇರಿಸಿ ಬೈದರು: "ಇಷ್ಟು ಚಂದದ ಮುಖವನ್ನು ಅಡಗಿಸಿಟ್ರಲ್ಲ, ಪಾಪಿಗಳು!"