ದೃಢಶಿಲ ಮಹಾರಾಜರು ನೆಲದೊಳಗಿನ ಕೊರತೆ ನೀಗಿಸಿದ್ದು

ಬಹಳ ಹಿಂದೆ, ಟೆಂಡರು ಹುಟ್ಟಿ ನಾಚಿಕೆ ಇನ್ನೂ ಹುಟ್ಟಿರದ ಕಾಲದಲ್ಲಿ, ಗಿರಿಕೂಟವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ದೃಢಶಿಲ ಭೂಪಾಲರು ಆಳುತ್ತಿದ್ದರು. ಆಳುತ್ತಿದ್ದರು ಅಂದರೆ ಶಂಕುಸ್ಥಾಪನೆ ಮಾಡುತ್ತಿದ್ದರು. ತಮ್ಮ ಐವತ್ತನೆಯ ಜನ್ಮದಿನದೊಳಗೆ ಹೊಳೆಗೆ ಅಡ್ಡಲಾಗಿ ಅಣೆಕಟ್ಟು ನಿಲ್ಲಲೇಬೇಕೆಂದು ಅಪ್ಪಣೆ ಕೊಡಿಸಿದರು. ಆ ಜಾಗದಿಂದ ಒಂದು ಹರದಾರಿ ಕೆಳಗೆ ಹೊಳೆಕೇರಿ ಎಂಬ ಮುನ್ನೂರು ಮನೆಗಳ ಊರಿತ್ತು.

ರಾಜ್ಯದಲ್ಲಿ ಕೊಟ್ರವ್ವ ಎಂಬ ಭೂವಿಜ್ಞಾನಿಯೊಬ್ಬಳಿದ್ದಳು. ಅಡಿಪಾಯ ತೋಡುವ ಮೊದಲು ನೆಲ ಕೊರೆದು, ಕೆಳಗಿನ ಬಂಡೆ ಭಾರ ಹೊರುತ್ತದೋ ಇಲ್ಲವೋ ಎಂದು ಎಂಜಿನಿಯರುಗಳಿಗೆ ಹೇಳುವುದು ಅವಳ ಕೆಲಸ. ಕೊರೆಯುವ ಕೊಳವೆಯಲ್ಲಿ ಬಂಡೆ ಕೋಲುಕೋಲಾಗಿ ಮೇಲೆ ಬರುತ್ತದೆ. ಅದನ್ನು ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಆಳದ ಪ್ರಕಾರ ಜೋಡಿಸಿಡುತ್ತಾರೆ. ಬಂಡೆ ನುಚ್ಚಾಗಿರುವ ಕಡೆ ಕೊಳವೆಗೆ ಏನೂ ಸಿಗುವುದಿಲ್ಲ; ಪೆಟ್ಟಿಗೆಯಲ್ಲಿ ಅಷ್ಟು ಜಾಗ ಖಾಲಿ ಬಿಡಬೇಕು. ತಲೆ ಇರುವ ಎಂಜಿನಿಯರು ಮೊದಲು ನೋಡುವುದೇ ಆ ಖಾಲಿಯನ್ನು.

ಪೆಟ್ಟಿಗೆ ದರ್ಬಾರಿಗೆ ಬಂತು. ಮಹಾರಾಜರು ಬಗ್ಗಿ ನೋಡಿದರೆ ನಟ್ಟನಡುವೆ ನಾಲ್ಕು ಮೊಳ ಬೋಳು.

"ಇಲ್ಲಿನ ಕಲ್ಲು ಕದ್ದವರಾರು?"

"ಯಾರೂ ಕದ್ದಿಲ್ರೀ ಮಹಾಸ್ವಾಮಿ," ಎಂದಳು ಕೊಟ್ರವ್ವ. "ಅಷ್ಟು ಆಳದಾಗ ಕಲ್ಲು ಪುಡಿಪುಡಿ ಆಗೇತಿ. ನೀರು ತುಂಬಿದ್ರ ಅದರಾಗ ಹಾದು ಕಟ್ಟಿ ಬುಡಾನ ಕೊಚ್ಚಿಕೊಂಡು ಹೋಗ್ತೈತಿ. ಕೆಳಗ ಹೊಳೆಕೇರಿ ಐತಿ. ಇನ್ನೂ ಆಳ ತೋಡಿ ಗಟ್ಟಿ ಕಲ್ಲು ಹಿಡೀರಿ, ಇಲ್ಲಾ ಜಾಗ ಬದಲಿ ಮಾಡ್ರಿ."

ಮಂತ್ರಿ ಸ್ತುತಿಧರರು ಧಡಕ್ಕನೆ ಎದ್ದರು. "ಪ್ರಭುಗಳ ಆಳ್ವಿಕೆಯಲ್ಲಿ ಕೊರತೆಯೇ? ಶಾಂತಂ ಪಾಪಂ! ವಿರೋಧಿಗಳು ಇದರ ಫೋಟೋ ತೆಗೆದು ವೈರಲ್ ಮಾಡಿದರೆ ಗತಿಯೇನು?"

ಮಹಾರಾಜರಿಗೆ ಹೌದೆನಿಸಿತು. ಪಾಪ, ಕೊನೆಗೆ ಮಾತಾಡಿದವರ ಮಾತು ಅವರಿಗೆ ಯಾವಾಗಲೂ ಹೌದೆನಿಸುತ್ತಿತ್ತು. "ಇಂದಿನಿಂದ ನಮ್ಮ ನೆಲದೊಳಗೆ ಎಲ್ಲಿಯೂ ಖಾಲಿ ಇರತಕ್ಕದ್ದಲ್ಲ" ಎಂದು ರಾಜಾಜ್ಞೆ ಹೊರಟಿತು. ಅರಮನೆಯ ಬಚ್ಚಲಿಗೆ ಹಾಸಿ ಉಳಿದಿದ್ದ ಗ್ರಾನೈಟನ್ನು ಕೋಲುಕೋಲಾಗಿ ಕಡೆದು, ಪಾಲಿಶ್ ಮಾಡಿ, ಪೆಟ್ಟಿಗೆಯ ಬೋಳು ಜಾಗಕ್ಕೆ ಜೋಡಿಸಿದರು. ಮುಖ್ಯ ಎಂಜಿನಿಯರರು "ಆಹಾ, ನೂರಕ್ಕೆ ನೂರು!" ಎಂದು ಸಹಿ ಹಾಕಿದರು. ಆ ಮನುಷ್ಯನೂ ಓದಿಯೇ ಪಾಸಾದವನು, ನೆನೆದರೆ ಮೈ ಉರಿಯುತ್ತದೆ.

"ಪೆಟಗಿ ತುಂಬಿದ್ರ ನೆಲ ತುಂಬತೈತೇನ್ರೀ?" ಎಂದು ಕೊಟ್ರವ್ವ ದರ್ಬಾರಿನಲ್ಲೇ ಕೂಗಿದಳು. ನಕಾರಾತ್ಮಕ ಧೋರಣೆಯ ಆರೋಪದ ಮೇಲೆ ಅವಳನ್ನು ಕೆಲಸದಿಂದ ತೆಗೆದರು.

ಅಣೆಕಟ್ಟು ಎದ್ದಿತು, ನೀರು ತುಂಬಿತು, ಮಹಾರಾಜರು ಕೇಕು ಕತ್ತರಿಸಿದರು. ಕೊಟ್ರವ್ವ ಮಾತ್ರ ದಿನಾ ಹೋಗಿ ಕಟ್ಟೆಯ ಬುಡ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಅಲ್ಲಿಂದ ಒಸರುತ್ತಿದ್ದ ತಿಳಿನೀರು ಕೆಸರಾಗಿತ್ತು. ಅವಳು ಹೊಳೆಕೇರಿಗೆ ಓಡಿ ಮನೆಮನೆಯ ಬಾಗಿಲು ಬಡಿದಳು.

"ಏಳ್ರೀ, ಗುಡ್ಡ ಹತ್ರೀ! ಕಟ್ಟಿ ಬುಡದ ಮಣ್ಣು ಕಿತ್ಕೊಂಡು ಬರಾಕ ಹತ್ತೈತಿ!"

"ಒಲಿ ಮ್ಯಾಲೆ ಅನ್ನ ಐತಿ, ಯವ್ವಾ."

"ಅನ್ನ ಸುಡ್ಲಿ, ನೀ ಉಳಿ!"

ಜನ ಉಟ್ಟ ಬಟ್ಟೆಯಲ್ಲೇ ಗುಡ್ಡ ಹತ್ತಿದರು. ಮಧ್ಯಾಹ್ನಕ್ಕೆ ಅಣೆಕಟ್ಟು ಬುಡಸಮೇತ ಜಾರಿತು. ಮುನ್ನೂರು ಮನೆಗಳಲ್ಲಿ ಒಂದೂ ಉಳಿಯಲಿಲ್ಲ. ಜನರೆಲ್ಲ ಉಳಿದರು.

ಸುದ್ದಿ ದರ್ಬಾರಿಗೆ ಮುಟ್ಟಿತು. "ಎಷ್ಟು ಜನ ಸತ್ತರು?" ಎಂದರು ಮಹಾರಾಜರು.

"ಒಬ್ಬರೂ ಇಲ್ಲ, ಪ್ರಭು."

"ನೋಡಿದಿರಾ! ಇಷ್ಟು ಸುರಕ್ಷಿತವಾಗಿ ಒಡೆದ ಅಣೆಕಟ್ಟು ಬೇರೆಲ್ಲಿದೆ?"

ಚಪ್ಪಾಳೆ ಬಿತ್ತು. ಸ್ತುತಿಧರರಿಗೆ 'ಭೂಗರ್ಭಭೂಷಣ' ಬಿರುದು ಬಂತು. ಬಿರುದು ಧರಿಸಿದ ಮೇಲೆ ಅವರು ಕೊಟ್ರವ್ವನ ವಿಚಾರಣೆಗೆ ಕುಳಿತರು.

"ಇದು ಒಡೆಯುತ್ತದೆಂದು ನಿನಗೆ ಮೊದಲೇ ಗೊತ್ತಿತ್ತೇ?"

"ಗೊತ್ತಿತ್ರೀ. ನಿಮ್ಮ ಮುಂದನ ಹೇಳಿದ್ನಲ್ಲ."

"ನಮಗಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ನೀನೊಬ್ಬಳೇ. ಹಾಗಾದರೆ ಒಡೆದವರು ಯಾರು?"

ಅವಳನ್ನು ಸೆರೆಮನೆಗೆ ಹಾಕಿದರು. ಅದೇ ಜಾಗದಲ್ಲಿ ಎರಡನೆಯ ಅಣೆಕಟ್ಟಿಗೆ ಶಂಕುಸ್ಥಾಪನೆಯಾಯಿತು. ಮನೆಯಿಲ್ಲದವರಿಗೆ ಮನೆಗೆಲಸವೂ ಇಲ್ಲವಷ್ಟೆ ಎಂದು ಹೊಳೆಕೇರಿಯವರಿಗೆ ಬಿಟ್ಟಿ ದುಡಿಮೆ ವಿಧಿಸಿದರು. ತಮ್ಮ ಗೋಡೆಗಳ ಕಲ್ಲುಗಳನ್ನೇ ಕೆಸರಿನಿಂದ ಹೆಕ್ಕಿ, ತಲೆಯ ಮೇಲೆ ಹೊತ್ತು, ಅವರು ಸಾಲಾಗಿ ಕಟ್ಟೆಯ ಕಡೆಗೆ ನಡೆದರು.