ಗ್ವಾಡಿ ಇಲ್ಲದ ಅಗಸಿ

ಊರಾಗಿನ ಬಾಡಿಗಿ ಕೇಳಿ ಎದಿ ಧಸಕ್ ಅಂದು, ಊರ ಹೊರಗ ಜಾಗ ಹುಡುಕೀರೇನ್ರೀ ನೀವು? ನಮ್ಮಜ್ಜ ಹುಡುಕಿದ್ದ. ಆದ್ರ ಊರ ಹೊರಗ ಇದ್ದೀನಂತ ಸಾಯೋತನಕ ಒಪ್ಪಲಿಲ್ಲ. ಅಂಥಾ ಭಂಡ.

ಇದು ಅಜ್ಜಿ ಹೇಳಿದ್ದು. ನಿಜಾಮನ ಕಾಲ. ಲಿಂಗಸುಗೂರು ಕಚೇರಿ ಮುಂದ ಬೇವಿನ ಗಿಡದ ಬುಡಕ ಕುಂತು ಮಂದಿಗೆ ಉರ್ದುವಿನಾಗ ಅರ್ಜಿ ಬರದುಕೊಡೋದು ಅಜ್ಜನ ಕೆಲಸ. ಮಸ್ಕಿ ಕಡೆ ಹೆಣ್ಣು ಗೊತ್ತಾತು. ಮಾವನದು ಒಂದ ಷರತ್ತು: "ನನ್ನ ಮಗಳನ್ನ ಅಗಸಿ ಒಳಗಿನ ಮನ್ಯಾಗ ಇಡಬೇಕು." ಅಗಸಿ ಅಂದ್ರ ಊರ ಹೆಬ್ಬಾಗಲ. ಒಳಗಿದ್ರ ಮರ್ಯಾದಿ, ಹೊರಗಿದ್ರ ನರಿ ಕಾಟ. ಅಜ್ಜ ಹ್ಞೂಂ ಅಂದುಬಿಟ್ಟ.

ಅಗಸಿ ಒಳಗ ವಕೀಲರು, ಕಾರಕೂನರು ತುಂಬಿಕೊಂಡು ಬಾಡಿಗಿ ಏರಿಸಿಟ್ಟಿದ್ರು. ಸಿಕ್ಕದ್ದು ಒಂದ ಕೋಣಿ. ಕಾಲು ಚಾಚಿದ್ರ ಬಾಜು ಮನಿ ಒಲಿಗೆ ಮುಟ್ಟತಿತ್ತು. ಅದರ ಬಾಡಿಗಿ ಕೊಟ್ರ ಉಣ್ಣಾಕ ಶಾಯಿ ಅಷ್ಟ ಉಳೀತಿತ್ತು.

ಅಜ್ಜ ಹಳ್ಳದ ಆಚಿ ಜಾಲಿ ಕಡದು ಎರಡು ಅಂಕಣದ ಮಣ್ಣಿನ ಮನಿ ಕಟ್ಟಿದ. ಆಮ್ಯಾಲ ಅದರ ಮುಂದ ಎರಡು ಕಲ್ಲಗಂಬ ನೆಟ್ಟು, ಮ್ಯಾಲೊಂದು ತೊಲಿ ಇಟ್ಟು, ಎರಡು ಕದ ಹಚ್ಚಿದ. ಆಚಿಗಿಲ್ಲ ಈಚಿಗಿಲ್ಲ, ಗ್ವಾಡಿ ಅನ್ನೋದ ಇಲ್ಲ. ಬಯಲಾಗ ಬಾಗಲ! ಆಡು ಕುರಿ ಬಾಜುಲಿಂದ ಹೋಗತಿದ್ವು. ಮನಷ್ಯಾರು ಹಂಗ ಬಂದ್ರ ಅಜ್ಜ ಹೊಳ್ಳಿ ಕಳಸತಿದ್ದ.

"ಆಡಿಗೆ ತಿಳವಳಿಕಿ ಇಲ್ಲ, ನಿಮಗರೆ ಬ್ಯಾಡೇನ್ರೀ? ಅಗಸಿ ಹಾಯ್ದು ಬರ್ರಿ."

ಮದುವಿ ಆಗಿ ಅಜ್ಜಿನ್ನ ಬಿಡಾಕ ಮಾವ ಬಂಡಿ ಹೂಡಿಕೊಂಡು ಬಂದ. ಬಂಡಿ ಹೊರಗ ನಿಲ್ಲಿಸಿ, ಮಗಳ ಕೂಡ ಮನಿ ಮುಂದ ಕುಂತ.

"ಅಳಿಯಂದ್ರ, ಅಗಸಿ ಎಲ್ಲೈತಿ?"

"ಈಗ ಹಾಯ್ದು ಬಂದ್ರೆಲ್ಲರೀ ಮಾವ."

ಮಾವ ಹೊಳ್ಳಿ ನೋಡಿದ. ಕಂಬದ ಬಾಜುಲಿಂದ ಒಂದು ಎಮ್ಮಿ ಒಳಗ ಬರಾಕತ್ತಿತ್ತು.

"ಇದಕ್ಕ ಗ್ವಾಡಿ?"

"ಗ್ವಾಡಿ ಮಾತು ಆಗಿದ್ದಿಲ್ಲ ರೀ."

ಮಾವ ಮಗಳ ಕಡೆ ಹೊಳ್ಳಿದ. "ಏಳವ್ವ, ಬಂಡಿ ಹತ್ತು. ಈ ಹುಚ್ಚನ ಕೂಡ ಬಾಳ್ವಿ ಬ್ಯಾಡ" ಅಂದವನ ಎದ್ದು ಹೊರಗ ಹೋದ. ಅಷ್ಟು ಸಿಟ್ಟಿನಾಗೂ ಅಗಸಿ ಹಾಯ್ದ ಹೋದ ನೋಡ್ರಿ. ಊರ ಮಂದಿಗೆಲ್ಲಾ ಅರ್ಜಿ ಬರದುಕೊಟ್ಟ ಅಜ್ಜ, ತಾನ ಅರ್ಜಿ ಹಿಡಕೊಂಡು ಬಂದವನಂಗ ಅಜ್ಜಿ ಮಾರಿ ನೋಡಿದ.

ಅಜ್ಜಿ ಎದ್ದಳು. ತಲಿಮ್ಯಾಲ ಸೆರಗ ಹೊತ್ತು ಅಗಸಿತನಕ ನಡದಳು. ಎರಡೂ ಕದ ಎಳದು, ಒಳಗಿಂದ ಚಿಲಕ ಹಾಕಿದಳು.

"ಯಪ್ಪಾ, ಹೊತ್ತು ಮುಣಗಾಕತ್ತೈತಿ. ನಮ್ಮ ಅಗಸಿ ಹಾಕೋ ಹೊತ್ತಾತು. ನೀ ಜ್ವಾಕಿಲೆ ಹೋಗು."

ನಿಮ್ಮ ಹಿರೇರು ಎಲ್ಲಿ, ಹ್ಯಾಂಗ ಮನಿ ಮಾಡಿದ್ರು? ಕೆಳಗ ಬರೀರಿ. ಬಾಜುಲಿಂದ ಬ್ಯಾಡ, ಅಗಸಿ ಹಾಯ್ದು ಬರ್ರಿ.