ಬಿಚ್ಚದೆ ಒಯ್ಯುವ ಚೀಲ

ಬೇಕಾದ ವಸ್ತುವಿಗೆ ದುಡ್ಡು ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಬೇಡವೆಂದು ಎಸೆದದ್ದಕ್ಕೆ ಕೊಡುವಾಗಲೇ ಕೈ ಹಿಂಜರಿಯುವುದು. ನನ್ನ ಕೈಯಂತೂ ಜೇಬಿನ ಹತ್ತಿರವೂ ಹೋಗಲಿಲ್ಲ. ಕಾಪುವಿನ ಬಳಿಯ ನಮ್ಮ ಹಳ್ಳಿಯಲ್ಲಿ ಪಂಚಾಯತಿನವರು ಕಸಕ್ಕೆ ತಿಂಗಳ ಶುಲ್ಕ ಹಾಕಿದಾಗ, ಗ್ರಾಮಸಭೆಯಲ್ಲಿ ಎದ್ದುನಿಂತು, "ಕಸ ಕೊಡುವುದೂ ನಾವೇ, ಮೇಲಿಂದ ದುಡ್ಡು ಕೊಡುವುದೂ ನಾವೇಯಾ?" ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿದವನು ನಾನು. ಮನೆಗೆ ಬಂದು ನೋಡಿದರೆ ಹೆಂಡತಿ ವಿನೋದ ಶುಲ್ಕ ಕಟ್ಟಿ, ರಶೀದಿಯನ್ನು ಕ್ಯಾಲೆಂಡರಿಗೆ ಸಿಕ್ಕಿಸಿದ್ದಳು.

ಮುಂದಿನ ತಿಂಗಳು ನನ್ನ ರಕ್ತದಲ್ಲಿ ಸಕ್ಕರೆ ಕಾಣಿಸಿತು. ಮನೆಯಲ್ಲಿ ಸಿಹಿ ಬಂದ್ ಆಯಿತು. ಮಣಿಪಾಲದ ಕಾಲೇಜೊಂದರಲ್ಲಿ ಗುಮಾಸ್ತನಾದ ನಾನು ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಬಾಳೆಹಣ್ಣಿನ ಹಲ್ವ ಕೊಳ್ಳತೊಡಗಿದೆ. ಬಸ್ಸಿನಲ್ಲಿ ತಿಂದರೆ ಊರಿನವರು ನೋಡುತ್ತಾರೆ. ಆದ್ದರಿಂದ ಮನೆಯ ಪಂಪ್‌ಶೆಡ್ಡಿನ ಹಿಂದೆ ತಿನ್ನುತ್ತಿದ್ದೆ. ತಿನ್ನುವುದು ಸುಲಭ, ಉಳಿಯುವ ಕವರಿನದೇ ತೊಂದರೆ. ಸುಟ್ಟರೆ ವಾಸನೆ, ಹೂತರೆ ನಾಯಿ ಅಗೆಯುತ್ತದೆ, ರಸ್ತೆಗೆಸೆಯುವಷ್ಟು ಕೆಟ್ಟವನು ನಾನಲ್ಲ. ಕೊನೆಗೆ ಖಾಲಿ ಹಾಲಿನ ಪ್ಯಾಕೆಟ್ಟಿನೊಳಗೆ ತುರುಕಿ ಒಣಕಸದ ಚೀಲಕ್ಕೆ ಹಾಕಿದೆ.

ಒಣಕಸದ ಗಾಡಿ ಓಡಿಸಿಕೊಂಡು ಮಂಗಳವಾರ ಬರುವವರು ಲೀಲಕ್ಕ. ಗೇಟಿನ ಬಳಿಯೇ ಚೀಲ ಬಿಚ್ಚಿ ಒಂದೊಂದನ್ನೂ ಎತ್ತಿ ನೋಡುತ್ತಾರೆ. ಅಂದೂ ನೋಡಿದರು.

"ಶೆಟ್ರೇ, ಇದರೊಳಗೆ ಎಂತದು ಮಾರಾಯ್ರೇ? ಎಲ್ಲ ತುಪ್ಪದ ಜಿಡ್ಡು ಉಂಟು! ತೊಳೆದು ಒಣಗಿಸಿ ಕೊಡಿ ಅಂತ ಹೇಳಿದ್ದಲ್ವಾ?"

ಅವರ ದನಿ ಹೆದ್ದಾರಿಯ ಲಾರಿಗಳನ್ನೂ ಮೀರಿಸುವಂಥದ್ದು. ನಾನು ಕವರು ಕಿತ್ತುಕೊಂಡು ಜೇಬಿಗಿಳಿಸಿದೆ. ಅಂದಿನಿಂದ ಸ್ನಾನದ ಹೊತ್ತಿಗೆ ಹಲ್ವದ ಕವರುಗಳಿಗೂ ಸೋಪು ಹಚ್ಚಿ ತೊಳೆಯತೊಡಗಿದೆ. ಅನುಮಾನ ಬಾರದಿರಲೆಂದು ಮನೆಯ ಹಾಲಿನ ಪ್ಯಾಕೆಟ್ಟುಗಳನ್ನೂ ತೊಳೆದು ಹಗ್ಗಕ್ಕೆ ನೇತುಹಾಕಿದೆ. "ಇವರು ತುಂಬಾ ಬದಲಾಗಿದ್ದಾರೆ" ಎಂದು ವಿನೋದ ಕಾರ್ಕಳದ ತಂಗಿಗೆ ಫೋನಿನಲ್ಲಿ ಹೇಳುವುದು ಕೇಳಿ ನನಗೆ ಹೆಮ್ಮೆಯೇ ಆಯಿತು.

ಒಂದು ಭಾನುವಾರ ಮಣಿಪಾಲದಿಂದ ವಿದ್ಯಾರ್ಥಿನಿಯೊಬ್ಬಳು ಸಮೀಕ್ಷೆಯ ಫಾರಂ ಹಿಡಿದು ಬಂದಳು.

"ಕಸದ ವ್ಯವಸ್ಥೆ ಇನ್ನೂ ಚೆನ್ನಾಗುವುದಾದರೆ ತಿಂಗಳಿಗೆ ಎಷ್ಟು ಹೆಚ್ಚು ಕೊಡುತ್ತೀರಿ ಸರ್?"

"ಚೆನ್ನಾಗಿ ಅಂದರೆ ಎಂತ? ಚೀಲ ಬಿಚ್ಚದೆ ಒಯ್ಯುತ್ತಾರಾ?"

"ಇಲ್ಲ ಸರ್, ಇನ್ನೂ ಸೂಕ್ಷ್ಮವಾಗಿ ವಿಂಗಡಿಸುತ್ತಾರೆ."

"ಹಾಗಾದರೆ ಒಂದು ಪೈಸೆಯೂ ಇಲ್ಲ. ಬಿಚ್ಚದೆ ಒಯ್ದರೆ ಈಗಿನದರ ಎರಡರಷ್ಟು ಕೊಡುತ್ತೇನೆ."

ಅವಳು ಬರೆದುಕೊಂಡಳು. "ಕಾರಣ? ಪರಿಸರವಾ, ಆರೋಗ್ಯವಾ?"

"ಆರೋಗ್ಯ."

ಅಷ್ಟರಲ್ಲಿ ವಿನೋದ ಚಹಾ ತಂದಳು. ಹುಡುಗಿ ಅವಳನ್ನೂ ಅದೇ ಪ್ರಶ್ನೆ ಕೇಳಿದಳು.

"ನಾನು ಈಗಲೇ ಹೆಚ್ಚು ಕೊಡುತ್ತಾ ಇದ್ದೇನೆ," ಎಂದಳು ವಿನೋದ. "ಶುಲ್ಕದ ಮೇಲೆ ಲೀಲಕ್ಕನಿಗೆ ತಿಂಗಳಿಗೆ ನಾಲ್ಕು ತೆಂಗಿನಕಾಯಿ. ನಮ್ಮ ಚೀಲದಲ್ಲಿ ಹಲ್ವದ ಕವರು ಎಷ್ಟು ಉಂಟು ಅಂತ ನೋಡಿ ಹೇಳುವುದಕ್ಕೆ."

ಹುಡುಗಿ ಫಾರಂನಲ್ಲಿ ತೆಂಗಿನಕಾಯಿಗೆ ಜಾಗ ಹುಡುಕಿದಳು. ವಿನೋದ ನನ್ನ ಕಡೆ ತಿರುಗಿದಳು.

"ಹೋದ ವಾರ ಒಂಬತ್ತು. ತೊಳೆದದ್ದು ಮಾತ್ರ ತುಂಬಾ ಚೆನ್ನಾಗಿತ್ತಂತೆ."

ಕಸವನ್ನು ಹುಟ್ಟುವಲ್ಲಿಯೇ ಕಡಿಮೆ ಮಾಡಬೇಕೆಂಬ ತತ್ವವನ್ನು ನಾನೀಗ ಪೂರ್ತಿಯಾಗಿ ಒಪ್ಪಿಕೊಂಡಿದ್ದೇನೆ. ಕವರಿರುವ ಯಾವ ತಿಂಡಿಯನ್ನೂ ಕೊಳ್ಳುವುದಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ನಿಂತು, ಬಾಳೆಹಣ್ಣು ಸಕ್ಕರೆ ಕಲಸಿ ಕರಿದ ಬಿಸಿಬಿಸಿ ಬನ್ಸ್ ತಿನ್ನುತ್ತೇನೆ. ನಮ್ಮ ಚೀಲ ಅರ್ಧಕ್ಕಿಳಿದಿದೆ. ಇಡೀ ವಾರ್ಡಿನಲ್ಲಿ ಇಷ್ಟು ಸ್ವಚ್ಛ ಮನೆ ಇಲ್ಲ ಎಂದು ಲೀಲಕ್ಕ ಗೇಟಿನಲ್ಲೇ ಕೂಗಿ ಹೇಳಿದ್ದಾರೆ. ರಕ್ತ ಪರೀಕ್ಷೆಯೊಂದನ್ನು ಮಾತ್ರ ನಾನು ಮುಂದೂಡುತ್ತಾ ಬಂದಿದ್ದೇನೆ.